ಯಾವ ಕಪಾಟಿನ ಪುಸ್ತಕ?

ಕನ್ನಡದಲ್ಲಿ ‘ಹೆಸರಿಡು’ ಎನ್ನುವ ಮಾತಿಗೆ ಎರಡು ಅರ್ಥ. ತೊಟ್ಟಿಲಲ್ಲಿ ಮಲಗಿರುವ ಕೂಸಿಗೆ ಹೆಸರಿಡುತ್ತೇವೆ. ಹೊಸದಾಗಿ ಬಂದ ಸೊಸೆ ಮಾಡಿದ ಸಾರಿಗೂ ಹೆಸರಿಡುತ್ತೇವೆ. ಮೊದಲನೆಯದು ಪ್ರೀತಿಯ ಕೆಲಸ, ಎರಡನೆಯದು ಕೊಂಕು ಹುಡುಕುವ ಕೆಲಸ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ನಮ್ಮ ಹಿರಿಯರು ಲೋಕ ಕಂಡವರೇ ಇರಬೇಕು. ಯಾವುದಕ್ಕಾದರೂ ಒಂದು ಹೆಸರು ಅಂಟಿಸಿದೆವೆಂದರೆ ಅದನ್ನು ಗುರುತಿಸುವುದು ಸುಲಭವಾಗುತ್ತದೆ. ಅದರ ಜೊತೆಗೇ, ನಮಗೆ ತಿಳಿಯದ ಹಾಗೆ, ಅದರ ಬೆಲೆಯನ್ನೂ ಕಟ್ಟಿಬಿಟ್ಟಿರುತ್ತೇವೆ.

ನಮ್ಮ ಅಡುಗೆಮನೆಗಳನ್ನೇ ನೋಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇರುತ್ತದೆ, ಬೋರ್ನ್‌ವಿಟಾ ಡಬ್ಬಿಯಲ್ಲಿ ಹುಣಸೆಹಣ್ಣು. ಮನೆಯಾಕೆಗೆ ಅದರಿಂದ ಏನೂ ತೊಂದರೆಯಿಲ್ಲ. ದಿನಾ ಮುಚ್ಚಳ ತೆಗೆಯುವವಳು ಅವಳೇ ತಾನೆ! ನಾವು ನಾಲ್ಕು ದಿನ ಊರಿಗೆ ಹೋಗಿ, ಅಡುಗೆಮನೆ ಇನ್ನೊಬ್ಬರ ಕೈಗೆ ಸಿಕ್ಕಾಗ ಮಾತ್ರ ಡಬ್ಬಿಯ ಮೇಲೆ ಚೀಟಿ ಬೇಕಾಗುತ್ತದೆ. ಚೀಟಿ ಇರುವುದು ಮುಚ್ಚಳ ತೆಗೆಯದವರಿಗಾಗಿ. ಡಬ್ಬಿಗಳ ವಿಷಯದಲ್ಲಿ ಇದು ಇಷ್ಟು ಸರಳ. ಪುಸ್ತಕಗಳ ವಿಷಯಕ್ಕೆ ಬಂದರೆ ಹಾಗಲ್ಲ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಮ್ಮಂಥವರಿಗೆ ಗ್ರಂಥಾಲಯದ ಬೀಗದಕೈ ಅನಾಯಾಸವಾಗಿ ಒದಗಿಬರುವ ಆಸ್ತಿ. ಗ್ರಂಥಪಾಲಕರೆಂದು ಬೇರೆ ಹುದ್ದೆ ಇಲ್ಲದ ಶಾಲೆಗಳೇ ಹೆಚ್ಚು. ಭಾಷೆಯ ಟೀಚರಿಗೆ ವಹಿಸಿದರಾಯಿತು. ಮೈಸೂರಿನ ಹಳೆಯ ಬಡಾವಣೆಯೊಂದರ ನಮ್ಮ ಶಾಲೆಯಲ್ಲೂ ಹಾಗೆಯೇ. ನಾಲ್ಕು ಬೀರು, ಒಂದು ದಪ್ಪ ಅಕ್ಸೆಷನ್ ರಿಜಿಸ್ಟರು. ಬೀರುಗಳ ಮೇಲೆ ಯಾರೋ ಹಿಂದಿನವರು ಬಿಳಿ ಪೇಂಟಿನಲ್ಲಿ ಬರೆಸಿದ್ದಾರೆ: ಮಕ್ಕಳ ಸಾಹಿತ್ಯ, ಕಥೆ-ಕಾದಂಬರಿ, ವಿಜ್ಞಾನ, ಜೀವನಚರಿತ್ರೆ. ಹೊಸ ಪುಸ್ತಕ ಬಂದಾಗ ರಿಜಿಸ್ಟರಿನಲ್ಲಿ ಸಂಖ್ಯೆ, ಹೆಸರು, ಲೇಖಕರು, ಬೆಲೆ ಎಲ್ಲ ಬರೆದ ಮೇಲೆ ಕೊನೆಯಲ್ಲಿ ‘ವಿಷಯ’ ಎಂಬ ಒಂದು ಕಾಲಂ ಉಳಿಯುತ್ತದೆ. ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಬೆರಳಿಟ್ಟು ತೋರಿಸುತ್ತಾರೆ. ಆ ಕಾಲಮಿನ ಮುಂದೆ ನನ್ನ ಪೆನ್ನು ಅತಿ ಹೆಚ್ಚು ಹೊತ್ತು ನಿಲ್ಲುವುದು ಒಂದು ಬಗೆಯ ಪುಸ್ತಕಕ್ಕೆ. ಅದರ ನಾಯಕನಿಗೋ ನಾಯಕಿಗೋ ಹದಿಮೂರು, ಹದಿನಾಲ್ಕು, ಹದಿನೈದು ವರ್ಷ. ಮಕ್ಕಳ ಬೀರುವಿಗೆ ಅದು ದೊಡ್ಡದು, ದೊಡ್ಡವರ ಬೀರುವಿಗೆ ಚಿಕ್ಕದು. ಎಲ್ಲಿಡುವುದು?

ಇದೇನು ಮಹಾ ಸಮಸ್ಯೆ, ಎಲ್ಲಾದರೂ ಇಟ್ಟರಾಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಸ್ಟಾಫ್ ರೂಮಿನಲ್ಲೂ ಹಾಗೆ ಅನ್ನುವವರಿದ್ದಾರೆ. ಸ್ವಲ್ಪ ನಿಧಾನಿಸಿ ಯೋಚಿಸಿದರೆ, ಇದು ಪುಸ್ತಕ ಜೋಡಿಸುವ ಪ್ರಶ್ನೆಯಾಗಿ ಉಳಿಯದೆ ಮಕ್ಕಳನ್ನು ನಾವು ಹೇಗೆ ಕಾಣುತ್ತೇವೆ ಎಂಬ ಪ್ರಶ್ನೆಯಾಗಿಬಿಡುತ್ತದೆ.

ಮೊದಲಿಗೆ ನಮ್ಮೂರಿನವರೇ ಆದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ತೆಗೆದುಕೊಳ್ಳಿ. ನಾರಾಯಣರ ತಂದೆ ಮೈಸೂರಿನಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಮಗ ಇಲ್ಲಿಯ ಮಹಾರಾಜ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಮುಗಿಸಿ, ಕೆಲವೇ ದಿನ ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸ ಮಾಡಿ, ಅದು ತಮ್ಮಿಂದಾಗದೆಂದು ಬಿಟ್ಟು ಬಂದು ಬರೆಯಲು ಕುಳಿತರು. ಕಾದಂಬರಿಯ ಹಸ್ತಪ್ರತಿ ಇಂಗ್ಲೆಂಡಿನಲ್ಲಿ ಹಲವು ಪ್ರಕಾಶಕರ ಬಾಗಿಲು ಕಂಡು ಹಿಂದಿರುಗಿ, ಕೊನೆಗೆ ಸ್ನೇಹಿತರೊಬ್ಬರ ಮೂಲಕ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈ ಸೇರಿತು. ಅವರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ನಾರಾಯಣರು ಮೊದಲು ಇಟ್ಟಿದ್ದ ಹೆಸರು ‘ಸ್ವಾಮಿ, ದಿ ಟೇಟ್’. ಟೇಟ್ ಎಂದರೆ ಆಗಿನ ಹೆಸರಾಂತ ಇಂಗ್ಲಿಷ್ ಬೌಲರು. ಕ್ರಿಕೆಟ್ ಹುಚ್ಚಿನ ಗೆಳೆಯರು ಸ್ವಾಮಿಗೆ ಕೊಟ್ಟ ಬಿರುದು ಅದು. ಅದನ್ನು ಬದಲಿಸಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದು ಇಡಲು ಸೂಚಿಸಿದವರು ಗ್ರೀನ್. ಕಿಪ್ಲಿಂಗ್ 1899ರಲ್ಲಿ ಬರೆದಿದ್ದ ‘ಸ್ಟಾಕಿ ಅಂಡ್ ಕಂಪನಿ’ ಎಂಬ ಶಾಲಾಹುಡುಗರ ಕಥೆಗಳು ಅಲ್ಲಿ ಜನಪ್ರಿಯವಾಗಿದ್ದವು. ಹೆಸರು ಅದನ್ನು ಹೋಲಿದರೆ ಓದುಗರಿಗೆ ಇದು ಇಂಥ ಪುಸ್ತಕವೆಂದು ಥಟ್ಟನೆ ತಿಳಿಯುತ್ತದೆ ಎಂಬುದು ಲೆಕ್ಕಾಚಾರ. ಅಂದರೆ ಪುಸ್ತಕ ಅಂಗಡಿಗೆ ಬರುವ ಮೊದಲೇ ಅದನ್ನು ಯಾವ ಕಪಾಟಿನ ಪಕ್ಕದಲ್ಲಿಡಬೇಕೆಂದು ಯೋಚನೆ ನಡೆದಿತ್ತು. ಮಾಡಿದವರು ಸದುದ್ದೇಶದಿಂದಲೇ ಮಾಡಿದರು. ಹೊಸ ಲೇಖಕ, ಕೇಳರಿಯದ ಊರು; ಪರಿಚಯಕ್ಕೊಂದು ಚೀಟಿ ಬೇಕಿತ್ತು.

ಹಾಗಾದರೆ ಅದು ಮಕ್ಕಳ ಕಾದಂಬರಿಯೇ? ನಾಯಕನಿಗೆ ಹತ್ತು ವರ್ಷ ಎಂದ ಮಾತ್ರಕ್ಕೆ ಹಾಗೆನ್ನಬಹುದೇ? ಸ್ವಾಮಿಯ ಅಪ್ಪ ಮಾವಿನಹಣ್ಣಿನ ಲೆಕ್ಕ ಕೊಟ್ಟು ಕೂರಿಸುತ್ತಾರಲ್ಲ, ಆಗ ಹುಡುಗನಿಗೆ ಹಣ್ಣಿನ ಬೆಲೆಗಿಂತ ಹಣ್ಣು ಮಾಗಿದೆಯೋ ಇಲ್ಲವೋ ಎಂಬುದೇ ಮುಖ್ಯವಾಗುತ್ತದೆ. ಅದನ್ನು ಓದಿ ನಾವು ದೊಡ್ಡವರು ಹೊಟ್ಟೆ ಹಿಡಿದು ನಗುತ್ತೇವೆ. ನಾನು ಏಳನೇ ತರಗತಿಯ ಮಕ್ಕಳಿಗೆ ಆ ಭಾಗವನ್ನು ಹೇಳಿದಾಗ ಅರ್ಧ ತರಗತಿ ನಗಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ, “ಆಮೇಲೆ ಅವರಪ್ಪ ಹೊಡೆದ್ರಾ ಮಿಸ್?” ಎಂದು ಕೇಳಿದ. ಒಂದೇ ಪುಟ ನಮಗೆ ಹಾಸ್ಯ, ಅವನಿಗೆ ಭಯಾನಕ. ಪುಸ್ತಕದ ರಸ ಪುಸ್ತಕದಲ್ಲೇ ಪೂರ್ತಿ ಇರುವುದಿಲ್ಲ, ಅರ್ಧ ಓದುವವರ ವಯಸ್ಸಿನಲ್ಲಿರುತ್ತದೆ.

ಅದೇ ಕಾದಂಬರಿಯ ಕೊನೆಯಲ್ಲಿ ಊರು ಬಿಟ್ಟು ಹೋಗುತ್ತಿರುವ ಗೆಳೆಯ ರಾಜಂಗೆ ಸ್ವಾಮಿ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಪುಸ್ತಕ ಕೊಡುತ್ತಾನೆ. ಅದು ಆಂಡರ್ಸನ್ನನ ಕಿನ್ನರ ಕಥೆಗಳು. ಜಗತ್ತೆಲ್ಲ ಮಕ್ಕಳ ಪುಸ್ತಕವೆಂದು ಒಪ್ಪಿದ್ದು. ಸ್ವಾಮಿಗೋ ಅದನ್ನು ಓದಲು ಆಗಿರಲಿಲ್ಲ. ಗೊತ್ತಿಲ್ಲದ, ಬಾಯಿಗೆ ಬಾರದ ಇಂಗ್ಲಿಷ್ ಪದಗಳು ತುಂಬಿದ್ದವು. ಮಕ್ಕಳ ಪುಸ್ತಕವೆಂಬ ಚೀಟಿ ಆ ಮಗುವಿನ ಉಪಯೋಗಕ್ಕೆ ಬರಲಿಲ್ಲ. ಆದರೂ ತನ್ನಲ್ಲಿದ್ದ ಬೆಲೆಬಾಳುವ ವಸ್ತು ಅದೇ ಎಂದು ಅವನಿಗೆ ಗೊತ್ತಿತ್ತು.

1987ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ನಾವು ಅಜ್ಜಿ, ಅಪ್ಪ, ಅಮ್ಮ, ಪಕ್ಕದ ಮನೆಯವರು ಎಲ್ಲ ಒಂದೇ ಚಾಪೆಯ ಮೇಲೆ ಕುಳಿತು ನೋಡಿದೆವು. ಇದು ಯಾವ ವಯಸ್ಸಿನವರಿಗೆ ಎಂದು ಯಾರೂ ಕೇಳಲಿಲ್ಲ. ಟಿವಿಗೆ ಕಪಾಟಿರಲಿಲ್ಲ, ಅದಕ್ಕೆ.

ಇಲ್ಲಿ ನನಗೆ ಹೊಳೆದ ಒಂದು ಮಾತು ಹೇಳುತ್ತೇನೆ. ಪುಸ್ತಕಗಳಿಗೆ ನಾವು ಅಂಟಿಸುವ ಹೆಸರುಗಳಲ್ಲಿ ಎರಡು ಬಗೆ. ಪತ್ತೇದಾರಿ, ಐತಿಹಾಸಿಕ, ಹಾಸ್ಯ, ವಿಜ್ಞಾನ ಎಂಬವು ‘ಇದು ಏನು’ ಎಂಬ ಪ್ರಶ್ನೆಗೆ ಉತ್ತರ. ಮಕ್ಕಳ ಸಾಹಿತ್ಯ, ಮಹಿಳಾ ಸಾಹಿತ್ಯ, ಹದಿಹರೆಯದವರ ಕಾದಂಬರಿ ಎಂಬವು ‘ಇದು ಯಾರಿಗೆ’ ಎಂಬ ಪ್ರಶ್ನೆಗೆ ಉತ್ತರ. ಮೊದಲನೆಯ ಬಗೆಯದು ಪುಸ್ತಕದ ಮೇಲೆ ಅಂಟುತ್ತದೆ. ಎರಡನೆಯದು ಓದುವವರ ಹಣೆಯ ಮೇಲೆ ಅಂಟುತ್ತದೆ. ಎರಡನ್ನೂ ಒಂದೇ ಕಾಲಮಿನಲ್ಲಿ ಬರೆಯುವುದರಿಂದಲೇ ಇಷ್ಟೆಲ್ಲ ಗೊಂದಲ.

ಮೊದಲನೆಯ ಬಗೆಯೂ ಪೂರ್ತಿ ನಿಶ್ಚಿತವೇನಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕ ವಿಜ್ಞಾನಿಯ ಕಥೆ ಎಂದರೆ ವಿಜ್ಞಾನದ ಬೀರು. ಕಳ್ಳಭಟ್ಟಿ, ಪೊಲೀಸು, ಕೇಸು ಎಂದರೆ ಸಾಮಾಜಿಕ. ಹುಡುಕಾಟದ ಕುತೂಹಲ ನೋಡಿದರೆ ಪತ್ತೇದಾರಿ. ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ ಇವರನ್ನು ನೆನೆದರೆ ಹಾಸ್ಯ. ಓದು ಬರಹ ಹತ್ತದ ಮಂದಣ್ಣನನ್ನು ಪಂಡಿತನಾದ ಕರ್ವಾಲೊ ಗುರುತಿಸಿ ಗೌರವಿಸುವುದನ್ನು ಕಂಡರೆ ನನ್ನಂಥ ಟೀಚರಿಗೆ ಅದು ಶಿಕ್ಷಣದ ಪುಸ್ತಕವೆಂದೇ ಅನ್ನಿಸುತ್ತದೆ. ಕಾಲೇಜಿನಲ್ಲಿ ಅದನ್ನು ಪಠ್ಯವಾಗಿ ಓದಿದವರಿದ್ದಾರೆ; ನಮ್ಮ ಒಂಬತ್ತನೇ ತರಗತಿಯ ಹುಡುಗರು ಪಠ್ಯವಲ್ಲವೆಂಬ ಕಾರಣಕ್ಕೇ ಇನ್ನಷ್ಟು ಖುಷಿಯಿಂದ ಓದುತ್ತಾರೆ. ಅವರಿಗಾಗಿಯೇ ಬರೆದದ್ದೆಂದು ತೇಜಸ್ವಿ ಮುಖಪುಟದ ಮೇಲೆ ಹಾಕಿಸಿರಲಿಲ್ಲ. ಹಾಕಿಸಿದ್ದರೆ ಅರ್ಧ ಹುಡುಗರು ಮುಟ್ಟುತ್ತಿರಲಿಲ್ಲವೇನೋ.

ಏಕೆಂದರೆ ಆ ವಯಸ್ಸಿನವರಿಗೆ ಮಗು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನವಿಲ್ಲ. ನಮ್ಮ ಶಾಲೆಯ ಎತ್ತರದ ಹುಡುಗನೊಬ್ಬ, ಮೀಸೆ ಚಿಗುರುತ್ತಿದ್ದವನು, ಮಕ್ಕಳ ಸಾಹಿತ್ಯದ ಬೀರುವಿನಲ್ಲಿದ್ದ ಸಾಹಸದ ಕಾದಂಬರಿಯೊಂದನ್ನು ಮೂರು ದಿನ ನಿಂತು ನಿಂತು ನೋಡಿದ. ಕೊನೆಗೆ, “ನನ್ನ ತಂಗಿಗೆ ಬೇಕಂತೆ ಮಿಸ್” ಎಂದು ಹೇಳಿ ತೆಗೆದುಕೊಂಡು ಹೋದ. ಅವನಿಗೆ ತಂಗಿ ಇರಲಿಲ್ಲ! ನಕ್ಕುಬಿಡುವ ವಿಷಯವೇ, ನಿಜ. ಆದರೆ ದೊಡ್ಡವರ ಸಂಕೋಚವೂ ಇದಕ್ಕಿಂತ ಬೇರೆಯೇನಲ್ಲ. ಹ್ಯಾರಿ ಪಾಟರ್ 1997ರಲ್ಲಿ ಬಂದಾಗ ಅದನ್ನು ರೈಲು ಬಸ್ಸುಗಳಲ್ಲಿ ಹಿಡಿದು ಕೂರಲು ನಾಚುತ್ತಿದ್ದ ದೊಡ್ಡವರಿಗಾಗಿ ಅದರ ಇಂಗ್ಲೆಂಡಿನ ಪ್ರಕಾಶಕರು ಮರುವರ್ಷವೇ ಗಂಭೀರವಾದ ಬೇರೆ ಮುಖಪುಟ ಹಾಕಿ ಮಾರಿದರು. ಒಳಗಿನ ಒಂದಕ್ಷರವೂ ಬೇರೆಯಲ್ಲ. ಆ ಪುಸ್ತಕಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ದೊಡ್ಡವರ ಕಾದಂಬರಿಗಳನ್ನು ಕೆಳಗೆ ತಳ್ಳಿ ಕುಳಿತಾಗ, 2000ನೇ ಇಸವಿಯಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಬೇರೆ ಪಟ್ಟಿ ಮಾಡಿದರು. ಗೆದ್ದವರಿಗೆ ಬೇರೆ ಪಂಕ್ತಿ ಹಾಕಿ ಕೂರಿಸಿದ ಹಾಗೆ.

ಅಮೆರಿಕದಲ್ಲಿ ಈ ನಡುವಿನ ವಯಸ್ಸಿಗೆ ಒಂದು ಹೆಸರು ಕೊಟ್ಟದ್ದರಲ್ಲಿ ಗ್ರಂಥಪಾಲಕರ ಪಾತ್ರ ದೊಡ್ಡದು. 1957ರಲ್ಲಿ ಅಲ್ಲಿಯ ಗ್ರಂಥಾಲಯ ಸಂಘದಲ್ಲಿ ‘ಯಂಗ್ ಅಡಲ್ಟ್’ ಓದುಗರಿಗೆಂದೇ ಒಂದು ವಿಭಾಗ ಆಯಿತು. 1967ರಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ ತನ್ನ ಹದಿಹರೆಯದಲ್ಲೇ ಬರೆದ ‘ದಿ ಔಟ್‌ಸೈಡರ್ಸ್’ ಕಾದಂಬರಿ ಬಂದ ಮೇಲೆ ಆ ಹೆಸರಿಗೆ ಬಲ ಬಂತು. ಹುಡುಗರ ಜಗಳ, ಗುಂಪುಗಾರಿಕೆಯ ಕಥೆ ಅದು. ಹೆಣ್ಣು ಬರೆದದ್ದೆಂದು ತಿಳಿದರೆ ವಿಮರ್ಶಕರು ತಾತ್ಸಾರ ಮಾಡಿಯಾರೆಂದು ಪ್ರಕಾಶಕರು ಆಕೆಯ ಪೂರ್ತಿ ಹೆಸರಿನ ಬದಲು ಇನಿಷಿಯಲ್‌ಗಳನ್ನು ಹಾಕಿಸಿದರು. ಹ್ಯಾರಿ ಪಾಟರ್ ಬರೆದ ರೋಲಿಂಗ್ ಅವರಿಗೂ ಮೂವತ್ತು ವರ್ಷದ ನಂತರ ಇದೇ ಸಲಹೆ ಸಿಕ್ಕಿತು. ಪುಸ್ತಕದ ಚೀಟಿಯ ಜೊತೆಗೆ ಬರೆದವಳ ಚೀಟಿಯನ್ನೂ ಬದಲಿಸಬೇಕಾಯಿತು, ನೋಡಿ.

ಇನ್ನು ನಮ್ಮಲ್ಲಿ? ಬಂಗಾಳಿಯಲ್ಲಿ ಈ ವಯಸ್ಸಿನವರ ಸಾಹಿತ್ಯಕ್ಕೆ ‘ಕಿಶೋರ’ ಎಂಬ ಮಾತು ರೂಢಿಯಲ್ಲಿದೆ, ಮರಾಠಿಯಲ್ಲಿ ‘ಕುಮಾರ’ ಎಂಬುದಿದೆ. ಕಿಶೋರಿಯೂ ಕುಮಾರಿಯೂ ಅದರೊಳಗೇ ಸೇರಿಕೊಳ್ಳಬೇಕೆಂದು ಕಾಣುತ್ತದೆ! ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರ 9ರಿಂದ 16 ವರ್ಷದ ಓದುಗರ ಪುಸ್ತಕಗಳಿಗೆ. ಕನ್ನಡದಲ್ಲಿ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಾದಂಬರಿಗಳಿಗೆ ಅದು ಸಂದಿತು. ಮಕ್ಕಳಿಗೆ ಪದ್ಯ, ನಾಲ್ಕು ಪುಟದ ಕಥೆ ಸಾಕೆಂದುಕೊಂಡಿದ್ದ ಕಡೆ ಹೀಗೆ ಸಾಲಾಗಿ ಕಾದಂಬರಿಗಳು ಬಂದದ್ದು ಸಂತೋಷವೇ. ಆದರೆ ಕತ್ತಲೆಗೆ ಹೆದರಿ ಅಮ್ಮನ ಸೆರಗು ಹಿಡಿಯುವ ಒಂಬತ್ತರ ಮಗುವೂ, ಪಿ.ಯು.ಸಿ.ಗೆ ಯಾವ ಕಾಂಬಿನೇಷನ್ ತೆಗೆದುಕೊಳ್ಳಲಿ ಎಂದು ನಿದ್ದೆಗೆಡುವ ಹದಿನಾರರ ಹುಡುಗಿಯೂ ಒಂದೇ ಬಾಲ್ಯದವರೇ?

ಕನ್ನಡದಲ್ಲಿ ಈ ನಡುವಿನ ವಯಸ್ಸಿಗೆ ಕಪಾಟಿಲ್ಲದಿರುವುದಕ್ಕೆ ಕಾರಣ ನಮ್ಮ ಮನೆಗಳಲ್ಲೇ ಇದೆ ಎಂದು ನನ್ನ ಭಾವನೆ. ಹುಡುಗರಿಗಾದರೂ ‘ಪಡ್ಡೆ ಹುಡುಗ’ ಎಂದು ಕೆಲವು ವರ್ಷ ಅಡ್ಡಾಡಲು ಒಂದು ಹೆಸರುಂಟು. ಹೆಣ್ಣುಮಕ್ಕಳಿಗೆ? ‘ದೊಡ್ಡವಳಾದಳು’ ಎನ್ನುತ್ತೇವೆ. ಬೆಳಿಗ್ಗೆ ಕುಂಟೆಬಿಲ್ಲೆ ಆಡುತ್ತಿದ್ದವಳು ಸಂಜೆಗೆ ದೊಡ್ಡವಳು. ಹಸೆಯ ಮೇಲೆ ಕೂರಿಸಿ ಆರತಿ ಎತ್ತಿ, ಚಿಗಳಿ ಉಂಡೆ ತಿನ್ನಿಸಿದರೆ ಮುಗಿಯಿತು. ನಡುವೆ ಮೆಟ್ಟಿಲೇ ಇಲ್ಲ. ದೊಡ್ಡವಳು ಎಂಬ ಹೆಸರಿನಿಂದ ಅವಳಿಗೆ ಸಿಗುವುದು ಸೀರೆ, ಎಚ್ಚರಿಕೆ, ಹೊತ್ತಿಗೆ ಮುಂಚೆ ಮನೆ ಸೇರಬೇಕೆಂಬ ಕಟ್ಟಳೆ. ದೊಡ್ಡವರ ಪುಸ್ತಕ ಮಾತ್ರ ಸಿಗುವುದಿಲ್ಲ. ಅದಕ್ಕೆ ಕೈ ಹಾಕಿದರೆ, “ನೀನಿನ್ನೂ ಚಿಕ್ಕವಳು, ಇಡು ಅದನ್ನ” ಎನ್ನುತ್ತೇವೆ. ಯಾವಾಗ ದೊಡ್ಡವಳು, ಯಾವಾಗ ಚಿಕ್ಕವಳು ಎಂಬುದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ತಿರುಗಿಸುತ್ತೇವೆ.

ಕಾನೂನು ಕೂಡ ಈ ಗೆರೆಯನ್ನು ಎಷ್ಟು ಸಲ ಅಳಿಸಿ ಬರೆಯಿತು! 1894ರಲ್ಲಿ ಮೈಸೂರು ಸಂಸ್ಥಾನವೇ ಬಾಲ್ಯವಿವಾಹ ತಡೆಯಲು ಕಾಯಿದೆ ಮಾಡಿತು. ಆ ಕಾಲಕ್ಕೆ ಅದು ಧೈರ್ಯದ ಹೆಜ್ಜೆ. ಅದರ ಪ್ರಕಾರ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆ ಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಯ ವಯಸ್ಸನ್ನು 14 ಮಾಡಿತು, 1949ರಲ್ಲಿ ಅದು 15 ಆಯಿತು, 1978ರಲ್ಲಿ 18. ಹುಡುಗಿ ಎಲ್ಲಿಯವರೆಗೆ ಮಗು ಎಂಬ ಚೀಟಿಯ ಮೇಲಿನ ಸಂಖ್ಯೆ ನಮ್ಮ ಅಜ್ಜಿಯರ ಕಾಲದಿಂದ ನಮ್ಮ ಕಾಲಕ್ಕೆ ಇಷ್ಟು ಬದಲಾಗಿದೆ. ಪ್ರತಿ ಸಲವೂ ಆ ಸಂಖ್ಯೆಯ ಹಿಂದೆ ಸಾವಿರಾರು ಹುಡುಗಿಯರ ಬಾಳು ಇತ್ತು.

ಈ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಥೆ-ಕಾದಂಬರಿ ಬೀರುವಿನಿಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ತೆಗೆದುಕೊಂಡಳು. 1976ರಲ್ಲಿ ಬಂದ ಈ ಕಾದಂಬರಿ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಕೂಡ ಮಾಡಿದರು. ಆಡುವ ವಯಸ್ಸಿನಲ್ಲೇ ಮದುವೆಯಾಗಿ, ಗಂಡನೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ಮಡಿಯೊಳಗೆ ದೀರ್ಘಕಾಲ ಬಾಳಿದ ಹೆಣ್ಣುಮಗಳ ಕಥೆ. ಇಂದಿರಾ ಅವರ ಸ್ವಂತ ಬಂಧುವರ್ಗದ ಬದುಕಿನಿಂದಲೇ ಎತ್ತಿಕೊಂಡದ್ದು. ಮರುದಿನ ಹುಡುಗಿಯ ತಾಯಿ ಶಾಲೆಗೆ ಬಂದರು. ಸಿಟ್ಟಿರಲಿಲ್ಲ, ಗಾಬರಿಯಿತ್ತು. “ಮೇಡಂ, ಅಲ್ಲಲ್ಲಿ ತಿರುವಿ ನೋಡಿದೆ. ಗಂಡ ಸತ್ತೋಗೋದು, ತಲೆ ಬೋಳಿಸೋದು, ಹೆರಿಗೆ, ಇವೆಲ್ಲ ಇದೆಯಲ್ಲ, ಇದು ಮಕ್ಕಳು ಓದೋ ಪುಸ್ತಕಾನಾ? ಎಲ್ಲಿತ್ತು ಇದು? ಮಕ್ಕಳ ಬೀರುವಿನಲ್ಲಾ?”

ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಮಗಳ ಮನಸ್ಸಿಗೆ ಏನು ತಟ್ಟುತ್ತದೆ ಎಂದು ಚಿಂತಿಸುವುದು ತಾಯಿಯ ಹಕ್ಕು. ಎಲ್ಲ ಪುಸ್ತಕವನ್ನೂ ಎಲ್ಲ ವಯಸ್ಸಿನವರ ಕೈಗೂ ಕೊಡಬೇಕು ಎನ್ನುವವಳು ನಾನಲ್ಲ. ಕೆಡುಕನ್ನು ಚಪ್ಪರಿಸಿ ಬರೆದ ಪುಸ್ತಕಗಳಿವೆ. ಈಗಂತೂ ಪುಸ್ತಕವೇ ಬೇಕಿಲ್ಲ, ಅಂಗೈಯ ಮೊಬೈಲಿನಲ್ಲಿ ಚೀಟಿಯೂ ಇಲ್ಲದೆ, ಬೀಗವೂ ಇಲ್ಲದೆ ಎಲ್ಲ ಬಂದು ಬೀಳುತ್ತದೆ. ಕಾಯುವವರು ಬೇಕು, ನಿಜ. ಆದರೆ ಫಣಿಯಮ್ಮನ ತಲೆ ಬೋಳಿಸುವ ಕಾಲಕ್ಕೆ ಅವಳಿಗೆ ಈ ಹುಡುಗಿಗಿಂತ ಹೆಚ್ಚು ವಯಸ್ಸಾಗಿರಲಿಲ್ಲ. ಒಂದು ಕಾಲದಲ್ಲಿ ಆ ದುಃಖವನ್ನು ಹೊರಲು ಸಾಕಾದ ವಯಸ್ಸು, ಈಗ ಅದನ್ನು ಓದಲು ಸಾಲದೇ? ಇದನ್ನು ನಾನು ತಾಯಿಯ ಮುಂದೆ ವಾದದಂತೆ ಮಂಡಿಸಲಿಲ್ಲ. “ನೀವು ಪೂರ್ತಿ ಓದಿ ನೋಡಿ, ಆಮೇಲೆ ನೀವು ಹೇಗೆ ಹೇಳ್ತೀರೋ ಹಾಗೆ” ಎಂದೆ.

ಆಕೆ ಓದಿದರು. ವಾರದ ಮೇಲೆ ಪುಸ್ತಕಕ್ಕೆ ಅಚ್ಚುಕಟ್ಟಾಗಿ ಬೈಂಡ್ ಕಾಗದ ಹಾಕಿ ತಂದು ಕೊಟ್ಟರು. ತಮ್ಮ ಅಜ್ಜಿಯ ಅಕ್ಕ ಒಬ್ಬರು ಹಾಗೆಯೇ ಇದ್ದರೆಂದೂ, ಅವರ ಹೆಸರು ಏನೆಂದು ಮನೆಯಲ್ಲಿ ಈಗ ಯಾರಿಗೂ ನೆನಪಿಲ್ಲವೆಂದೂ ಹೇಳಿದರು. ಕಡೆಗೆ, “ಹತ್ತನೇ ಕ್ಲಾಸು ಮುಗೀಲಿ ಮೇಡಂ, ನಾನೇ ಜೊತೇಲಿ ಕೂತು ಓದಿಸ್ತೀನಿ” ಎಂದರು. ನನ್ನ ಅಭಿಪ್ರಾಯ ಬೇರೆಯಿತ್ತು. ಆದರೂ ಒಪ್ಪಿಕೊಂಡೆ, ಏಕೆಂದರೆ ಆ ಮಾತನ್ನು ಹೇಳುವ ಅಧಿಕಾರವನ್ನು ಆಕೆ ಓದಿ ಸಂಪಾದಿಸಿದ್ದರು. ಹುಡುಗಿ ಪುಸ್ತಕ ಕೊಂಡುಹೋದ ಸಂಜೆಯೇ ಅದನ್ನು ಮುಗಿಸಿದ್ದಳೆಂಬುದು ನನಗೆ ತಿಳಿದದ್ದು ಆಮೇಲೆ. ಕಾರಿಡಾರಿನಲ್ಲಿ ಒಬ್ಬಳೇ ಬಂದು, “ಮಿಸ್, ಫಣಿಯಮ್ಮನಿಗೆ ಏನು ಬೇಕು ಅಂತ ಯಾರೂ ಯಾಕೆ ಕೇಳಲಿಲ್ಲ?” ಎಂದಳು. ಆ ಪ್ರಶ್ನೆಗೆ ಹೊಂದುವ ಬೀರು ನಮ್ಮ ಶಾಲೆಯಲ್ಲಿರಲಿಲ್ಲ. “ನೀನು ಅಮ್ಮನ ಹತ್ತಿರ ಕೇಳು, ಅವರೂ ಓದಿದ್ದಾರೆ” ಎಂದೆ.

‘ಯಾರಿಗೆ’ ಎಂಬ ಚೀಟಿಯ ಪೆಟ್ಟು ಎಂಥದೆಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನಲ್ಲಿ ಬಾಳಿ ಬರೆದ ತ್ರಿವೇಣಿಯವರನ್ನು ನೆನೆಯಿರಿ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಆಕೆ ಅಷ್ಟರೊಳಗೆ 20ರಷ್ಟು ಕಾದಂಬರಿ ಬರೆದಿದ್ದರು. ಬಾಣಂತಿತನದ ನಂತರ ಮನಸ್ಸು ಕದಡಿದ ಹೆಣ್ಣಿನ ಪಾಡನ್ನು ‘ಶರಪಂಜರ’ದಲ್ಲಿ ಬರೆದರು. ಅದರ ಬಗ್ಗೆ ಮನೆಗಳಲ್ಲಿ ಪಿಸುಮಾತಿನಲ್ಲೂ ಆಡದಿದ್ದ ಕಾಲ ಅದು. ಆದರೂ ಮಹಿಳೆಯರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರಿದ್ದರು. ಹೆಂಗಸರು ಬರೆದದ್ದು, ಹೆಂಗಸರು ಓದುವಂಥದ್ದು ಎಂದು ಒಮ್ಮೆ ಬರೆದಿಟ್ಟ ಮೇಲೆ ಗಂಡಸರು ಅದನ್ನು ತೆರೆಯುವ ಅಗತ್ಯ ಉಳಿಯಲಿಲ್ಲ. ಶರಪಂಜರವನ್ನು ಹೆಚ್ಚಾಗಿ ಓದಬೇಕಾಗಿದ್ದವರು ಬಾಣಂತಿಯರ ಗಂಡಂದಿರು. ಚೀಟಿ ಅವರನ್ನು ಆ ಕೆಲಸದಿಂದ ಪಾರುಮಾಡಿತು.

ಚೀಟಿಯ ನಿಜವಾದ ಅಪಾಯ ಇದು. ಅದು ಪುಸ್ತಕವನ್ನು ತಪ್ಪಾಗಿ ವರ್ಣಿಸೀತು ಎಂಬುದು ದೊಡ್ಡ ಮಾತಲ್ಲ. ಓದದೇ ಇರುವುದಕ್ಕೆ ಅದು ನಮಗೊಂದು ಮರ್ಯಾದಸ್ಥ ನೆಪ ಕೊಡುತ್ತದೆ. ‘ಮಕ್ಕಳದು’ ಎಂದರೆ ದೊಡ್ಡವರು ಓದುವುದಿಲ್ಲ, ‘ದೊಡ್ಡವರದು’ ಎಂದರೆ ಮಕ್ಕಳಿಗೆ ಕೊಡುವುದಿಲ್ಲ, ‘ಹೆಂಗಸರದು’ ಎಂದರೆ ಗಂಡಸರು ಮುಟ್ಟುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಪಾಟಿನಲ್ಲಿ ಕ್ಷೇಮವಾಗಿರುತ್ತಾರೆ.

ಹಾಗೆಂದು ಚೀಟಿಯನ್ನೇ ಕಿತ್ತುಹಾಕೋಣವೆಂದರೆ ಅದೂ ಆಗದು. ಐನೂರು ಪುಸ್ತಕ ರಾಶಿ ಹಾಕಿದರೆ ಹತ್ತು ನಿಮಿಷದ ವಿರಾಮದಲ್ಲಿ ಮಗು ಏನು ತಾನೇ ಹುಡುಕೀತು? ಗ್ರಂಥಾಲಯ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಅವುಗಳಲ್ಲಿ ಒಂದು ಓದುಗರ ಪರವಾಗಿ ಮಾತನಾಡುತ್ತದೆ, ಅದರ ಮುಂದಿನದು ಪುಸ್ತಕದ ಪರವಾಗಿ. ಓದುಗರಿಗೆ ಅವರ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ಅದರ ಓದುಗರು ಸಿಗಬೇಕು ಎಂಬುದು ಒಟ್ಟು ತಾತ್ಪರ್ಯ. ಎಲ್ಲರಿಗೂ ಗೊತ್ತಿರುವ ನಮ್ಮ ಗಂಡು-ಹೆಣ್ಣಿನ ಸಂಬಂಧ ಕೂಡಿಸುವ ಕೆಲಸದ ಹಾಗೆಯೇ ಇದೂ. ಒಳ್ಳೆಯ ದಲ್ಲಾಳಿ ಎರಡು ಮನೆಯನ್ನೂ ಬಲ್ಲವನಾಗಿರಬೇಕು. ಜಾತಕ ಮಾತ್ರ ನೋಡಿ ಕೂಡಿಸಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ?

ಆದ್ದರಿಂದ ನಾನು ಕಂಡುಕೊಂಡ ದಾರಿ ದೊಡ್ಡದೇನಲ್ಲ. ರಿಜಿಸ್ಟರಿನ ಕಾಲಮಿನಲ್ಲಿ ‘ಯಾರಿಗೆ’ ಎಂಬುದನ್ನು ಬರೆಯುವುದನ್ನು ಬಿಟ್ಟು ‘ಏನು’ ಎಂಬುದನ್ನಷ್ಟೇ ಬರೆಯುತ್ತೇನೆ. ಕಾದಂಬರಿ ಎಂದರೆ ಕಾದಂಬರಿ. ಹೀರೋಗೆ ಹತ್ತಾಗಲಿ, ಎಪ್ಪತ್ತಾಗಲಿ, ಒಂದೇ ಬೀರು, ಒಂದೇ ಸಾಲು. ಪುಸ್ತಕದ ಒಳಬದಿಯಲ್ಲಿ ಒಂದು ಕಾಗದ ಅಂಟಿಸಿ, ಒಳಗೆ ಏನಿದೆ ಎಂಬುದನ್ನು ಎರಡು ಸಾಲಿನಲ್ಲಿ ನೇರವಾಗಿ ಬರೆದಿಡುತ್ತೇನೆ: ‘ಇದರಲ್ಲಿ ಒಂದು ಸಾವು ಇದೆ’, ‘ಇದರಲ್ಲಿ ನಗು ಹೆಚ್ಚು’, ‘ಮೊದಲ ಇಪ್ಪತ್ತು ಪುಟ ನಿಧಾನ, ತಾಳ್ಮೆ ಇರಲಿ’. ಓದಿದ ಮಕ್ಕಳೂ ಕೆಳಗೆ ಬರೆಯಬಹುದು. ಹೆದರುವ ಮಗು ಅದನ್ನು ನೋಡಿ ತಾನೇ ಹಿಂದಕ್ಕಿಡುತ್ತದೆ. ಸಿದ್ಧವಾದದ್ದು ತೆಗೆದುಕೊಂಡು ಹೋಗುತ್ತದೆ. ಕೆಲವು ಪುಸ್ತಕಗಳನ್ನು ನಾನು ಈಗಲೂ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡು, ಕೇಳಿದವರೊಡನೆ ಮಾತನಾಡಿಯೇ ಕೊಡುತ್ತೇನೆ. ಆದರೆ ನಾನು ಓದದ ಪುಸ್ತಕವನ್ನು ‘ನಿನಗಲ್ಲ’ ಎಂದು ಯಾರಿಗೂ ಹೇಳುವುದಿಲ್ಲ.

ಇದರಿಂದ ಕೆಲಸ ಹೆಚ್ಚಾಗಿದೆ. ಚೀಟಿ ಬರೆಯಲು ಪುಸ್ತಕ ಪೂರ್ತಿ ಓದಬೇಕು. ವರ್ಷಕ್ಕೆ ಮೂವತ್ತು ನಲವತ್ತು ಪುಸ್ತಕ ಬರುತ್ತವೆ, ಜೊತೆಗೆ ಉತ್ತರಪತ್ರಿಕೆ, ಗಣತಿ, ಚುನಾವಣೆ ಕೆಲಸ. ಸಹೋದ್ಯೋಗಿಗಳು, “ಯಾಕ್ರೀ ಇಲ್ಲದ ತಾಪತ್ರಯ, ವಯಸ್ಸು ಬರೆದು ಬಿಸಾಕಿ” ಎನ್ನುತ್ತಾರೆ. ಅವರು ಹೇಳುವುದೂ ಸರಿಯೇ. ವಯಸ್ಸು ಬರೆಯಲು ಓದಬೇಕಾಗಿಲ್ಲ, ಮುಖಪುಟ ನೋಡಿದರೆ ಸಾಕು.

ನಿಮ್ಮ ಮನೆಯಲ್ಲೂ ಹದಿಮೂರು ಹದಿನಾಲ್ಕರ ಹುಡುಗಿ ಇರಬಹುದು, ಅವಳ ದಿಂಬಿನ ಕೆಳಗೆ ಒಂದು ಪುಸ್ತಕ ಸಿಗಬಹುದು. ಅದು ಅವಳ ವಯಸ್ಸಿನದೋ ಅಲ್ಲವೋ ಎಂದು ಹೊದಿಕೆ ತಿರುಗಿಸಿ ನೋಡುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅದನ್ನು ಓದಿಬಿಡಿ. ಬೇಡವೆನ್ನಿಸಿದರೆ ಬೇಡವೆನ್ನಿ, ಏಕೆ ಬೇಡವೆಂಬುದನ್ನು ಅವಳಿಗೆ ಹೇಳುವಷ್ಟು ಆಗ ನಿಮಗೂ ಗೊತ್ತಿರುತ್ತದೆ. ಅವಳು ಒಪ್ಪದೆ ಎದುರು ಮಾತನಾಡಿದರೂ ಪರವಾಗಿಲ್ಲ. ಒಂದೇ ಪುಸ್ತಕ ಓದಿದ ಇಬ್ಬರು ಹೆಂಗಸರು ಜಗಳವಾಡುವ ಮನೆಯಲ್ಲಿ, ಅವಳು ಚಿಕ್ಕವಳೋ ದೊಡ್ಡವಳೋ ಎಂಬ ಪ್ರಶ್ನೆ ಅಷ್ಟು ಹೊತ್ತಾದರೂ ಪಕ್ಕಕ್ಕೆ ಸರಿದಿರುತ್ತದೆ.